ಸೋಮವಾರದ ದಾರಿ

ಸಿಯೋಲ್‌ನಿಂದ ಹೊರಟ ಪ್ರವಾಸದ ಬಸ್ಸು ಗದ್ದೆಗಳ ನಡುವೆ ಎರಡು ಗಂಟೆ ಓಡಿತ್ತು. ಕಿಟಕಿಯಾಚೆ ಹಸಿರು ಭತ್ತ, ನೀಲಿ ಹೆಂಚಿನ ಮನೆಗಳು, ಅಂಗಳದಲ್ಲಿ ಒಣಹಾಕಿದ ಕೆಂಪು ಮೆಣಸಿನಕಾಯಿ. ಹೇಮಶ್ರೀ ಇದರಲ್ಲಿ ಒಂದನ್ನೂ ನೋಡಲಿಲ್ಲ. ವೀಸಾ ಕಚೇರಿಯ ಪುಟ ತೆರೆಯುವುದು, ಕೇಸ್ ನಂಬರು ಒತ್ತುವುದು, ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಓದುವುದು, ಮತ್ತೆ ಒತ್ತುವುದು, ಬೆಳಗ್ಗೆಯಿಂದ ಅವಳಿಗೆ ಇದೇ ಕೆಲಸ. ಗೋಡೆಯನ್ನು ಇಷ್ಟು ಸಲ ಕೇಳಿದ್ದರೆ ಗೋಡೆಯೂ ಬೇಜಾರಾಗಿ ಏನಾದರೂ ಅಂದುಬಿಡುತ್ತಿತ್ತು.

"ಎಂಥ ಮಾರಾಯ್ತಿ, ಒತ್ತಿ ಒತ್ತಿ ಫೋನು ಸವೆದು ಹೋಗ್ತದೆ," ಎಂದಳು ಪಕ್ಕದಲ್ಲಿ ಕೂತ ಸೋನಾಲಿ.

"ಸವೀಲಿ ಬಿಡು, ನಂದೇ ಫೋನು."

ಈ ಪ್ಲಾನೆಲ್ಲ ಹೇಮಶ್ರೀಯದೇ, ಅದೇ ದೊಡ್ಡ ಸಂಕಟ. ಅಮೆರಿಕದಲ್ಲಿ ಕೆಲಸ ಮಾಡುವವರು ವೀಸಾ ಮುದ್ರೆ ಹೊಸದಾಗಿ ಹಾಕಿಸಿಕೊಳ್ಳಲು ಆ ದೇಶ ಬಿಟ್ಟು ಹೊರಗೆ ಹೋಗಿ ಬರಬೇಕು. ಊರಿಗೆ ಹೋಗಿ ಹಾಕಿಸೋಣವೆಂದರೆ ಮುಂದಿನ ವರ್ಷದವರೆಗೂ ಡೇಟಿಲ್ಲ. "ಕೊರಿಯಾ ಆದ್ರೆ ಮೂರೇ ದಿನದ ಕೆಲಸ ಕಣ್ರೇ, ಮಿಕ್ಕಿದ್ದೆಲ್ಲ ಹಾಲಿಡೇ," ಎಂದು ಅಮೆರಿಕದ ಡ್ಯಾನ್‌ವಿಲ್‌ನ ತನ್ನ ಅಡುಗೆಮನೆಯಲ್ಲಿ ಕೂತು ಆಫೀಸಿನ ಗೆಳತಿಯರಾದ ಸೋನಾಲಿಯನ್ನೂ ಹರ್ಷಿತಾಳನ್ನೂ ಒಪ್ಪಿಸಿದವಳು ಅವಳು. ಅವಳ ಫೈಲು ನೋಡಿ ತಮ್ಮ ಫೈಲು ಜೋಡಿಸಿಕೊಂಡ ಇಬ್ಬರಿಗೂ ಬುಧವಾರವೇ ಪಾಸ್‌ಪೋರ್ಟು ಕೈಗೆ ಬಂತು. ಅವಳಿಗೆ ಸಿಕ್ಕಿದ್ದು ಒಂದು ಚೀಟಿ: ಇನ್ನಷ್ಟು ಪರಿಶೀಲನೆ ಇದೆ, ಕಾಯಿರಿ. ಎಷ್ಟು ದಿನ ಎಂದು ಅದರಲ್ಲಿ ಬರೆದಿರಲಿಲ್ಲ.

ಇವತ್ತು ಶುಕ್ರವಾರ. ನಾಳೆ ಬೆಳಗ್ಗೆ ಮೂವರ ವಿಮಾನ. ಸೋಮವಾರ ಮಗಳು ಇಬ್ಬನಿಗೆ ಕಿಂಡರ್‌ಗಾರ್ಟನ್‌ನ ಮೊದಲ ದಿನ. ಅಮ್ಮನೇ ಕರೆದುಕೊಂಡು ಹೋಗಬೇಕೆಂದು ಅವಳು ಬೇಸಿಗೆಯುದ್ದಕ್ಕೂ ಹಟ ಹಿಡಿದಿದ್ದಾಳೆ. ಗಂಡ ಲೋಹಿತ್‌ಗೆ ಪಾಲೋ ಆಲ್ಟೋದಲ್ಲಿ ಹೊಸ ಕೆಲಸ, ಆರು ಗಂಟೆಗೇ ಮನೆ ಬಿಡುತ್ತಾನೆ, ಈಗಲೇ ರಜೆ ಕೇಳುವ ಹಾಗಿಲ್ಲ. ಮಿಕ್ಕವರು ಅತ್ತೆ ಭದ್ರಮ್ಮ. ಮಂಡ್ಯದಿಂದ ಬಂದು ನಾಲ್ಕು ತಿಂಗಳಾದರೂ ಬೀದಿಯ ಟಪಾಲು ಪೆಟ್ಟಿಗೆಯಿಂದಾಚೆ ಒಬ್ಬರೇ ಹೆಜ್ಜೆ ಇಟ್ಟವರಲ್ಲ. ಹಾಗಾಗಿ ಬುಧವಾರದಿಂದ ಹೇಮಶ್ರೀ ಮಗಳಿಗೆ ದಿನಾ ಒಂದೇ ಸುಳ್ಳು ಹೇಳುತ್ತಿದ್ದಳು: "ಶನಿವಾರ ಬಂದ್ಬಿಡ್ತೀನಿ ಕಂದ."

ರೂಮಿನಲ್ಲಿ ಒಬ್ಬಳೇ ಕೂತರೆ ತಲೆ ಕೆಡುತ್ತದೆಂದು ಗೆಳತಿಯರು ಅವಳನ್ನು ಈ ಹಳ್ಳಿಗಾಡಿಗೆ ಎಳೆದು ತಂದಿದ್ದರು. ಬಸ್ಸಿಳಿದ ಮೇಲೂ ಅವರ ಉಪಚಾರ ನಿಲ್ಲಲಿಲ್ಲ.

"ಜೋಳ ತಿಂತೀಯೇನೇ? ಬಿಸಿ ಇದೆ," ಎಂದಳು ಹರ್ಷಿತಾ. "ಟೋಪಿ ಹಾಕ್ಕೋ, ಬಿಸಿಲು. ನೀರು ಕೊಡ್ಲಾ?"

"ನಾನೇನು ಬಾಣಂತೀನಾ? ಸುಮ್ನಿರ್ರೇ ಸಾಕು!"

ಹರ್ಷಿತಾಳ ಮುಖ ಸಣ್ಣಗಾಯಿತು. ಹೇಮಶ್ರೀಗೆ ನಾಚಿಕೆಯಾಯಿತು, ಆದರೆ ಹೊಟ್ಟೆಕಿಚ್ಚು ಅದಕ್ಕಿಂತ ಜೋರಾಗಿತ್ತು. ಇಬ್ಬರ ಬ್ಯಾಗಿನಲ್ಲೂ ಪಾಸ್‌ಪೋರ್ಟು ಬೆಚ್ಚಗೆ ಕೂತಿತ್ತಲ್ಲ!

ಬೆಟ್ಟದ ಮೇಲಿನ ಬೌದ್ಧ ದೇವಸ್ಥಾನಕ್ಕೆ ಹೋಗುವ ಕಾಲುದಾರಿಯ ಎರಡೂ ಬದಿಗೆ ಪುಟ್ಟ ಪುಟ್ಟ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಮೊಣಕಾಲೆತ್ತರದವು, ಗೇಣುದ್ದದವು, ನೂರಾರು. ಏನಾದರೂ ಬೇಡಿಕೊಂಡವರು ಇಟ್ಟು ಹೋಗುತ್ತಾರೆ ಎಂದು ಗೈಡು ಹೇಳಿದ.

"ಅಯ್ಯೋ, ನಮ್ಮ ಕಡೆ ಬೆಟ್ಟದಲ್ಲಿ ಮನೆ ಆಗ್ಲಿ ಅಂತ ಕಲ್ಲು ಜೋಡಿಸ್ತಾರಲ್ಲ, ಅದೇ ಕಣೇ ಇದು!" ಹರ್ಷಿತಾ ಬೈಸಿಕೊಂಡದ್ದನ್ನು ಆಗಲೇ ಮರೆತಿದ್ದಳು. "ನೀನೂ ಒಂದು ಇಡು ಹೇಮಾ."

"ಮದುವೆ ಆದ ವರ್ಷವೇ ಅತ್ತೆ ಇಡ್ಸಿದ್ರು. ಮನೆನೂ ಆಯ್ತು. ಈಗ ಆ ಮನೆಗೆ ವಾಪಸ್ ಹೋಗೋಕೆ ಯಾವ ಕಲ್ಲು ಇಡ್ಲಿ?"

ಅಷ್ಟರಲ್ಲಿ ಫೋನು ಸದ್ದು ಮಾಡಿತು. ಹೇಮಶ್ರೀ ಬೆಚ್ಚಿಬಿದ್ದು ಗಿರಕ್ಕನೆ ತಿರುಗಿದಳು. ಹೆಗಲ ಬ್ಯಾಗು ಬೀಸಿ ಪಕ್ಕದ ಕಲ್ಲಿನ ರಾಶಿಗೆ ಬಡಿಯಿತು. ಯಾರೋ ಎಂದೋ ಇಟ್ಟ ಒಂಬತ್ತು ಕಲ್ಲು ಗಳಗಳ ಉರುಳಿ ದಾರಿಗೆ ಬಂದವು.

"ಅಯ್ಯಯ್ಯೋ, ಯಾರದೋ ಹರಕೆ!" ಎಂದಳು ಹರ್ಷಿತಾ.

ಸದ್ದು ವೀಸಾದ್ದಲ್ಲ. ಮನೆಯಿಂದ ವಿಡಿಯೋ ಕಾಲ್. ಅಲ್ಲಿನ್ನೂ ಗುರುವಾರ ರಾತ್ರಿ ಎಂಟು, ಇಬ್ಬನಿ ಮಲಗುವ ಹೊತ್ತು. ಫೋನನ್ನು ಸೋನಾಲಿಯ ಕೈಗೆ ಕೊಟ್ಟು ಹೇಮಶ್ರೀ ಕಲ್ಲು ಪೇರಿಸಲು ಅಲ್ಲೇ ನೆಲಕ್ಕೆ ಕೂತಳು. ಪರದೆಯಲ್ಲಿ ಭದ್ರಮ್ಮನ ಹಣೆ ಮಾತ್ರ ಕಾಣುತ್ತಿತ್ತು.

"ಏನವ್ವ ಅದು? ಆ ದೇಸ್ದಲ್ಲೂ ಕಲ್ಲು ಮಡಗ್ತಾರಾ?"

"ಬೀಳಿಸ್ಬಿಟ್ಟೆ ಅತ್ತೆ. ಮತ್ತೆ ನಿಲ್ಲಿಸ್ತಿದ್ದೀನಿ."

"ಅಂಗಲ್ಲ ಕಣವ್ವ. ಅಗಲದ್ದು ಅಡಿಗೆ ಮಡಗು. ಆಂ, ಅದೇ. ಅಲ್ಲಾಡ್ತಾ ಅದೆ ನೋಡು, ಚೂರು ತಿರುಗ್ಸು."

ಏಳು ಸಮುದ್ರದಾಚೆ ಕೂತು ಅತ್ತೆ ಮೇಸ್ತ್ರಿಕೆ ಮಾಡುತ್ತಿದ್ದರು. ನಾಲ್ಕು ಕಲ್ಲು ನಿಂತವು. ಅಷ್ಟರಲ್ಲಿ ಇಬ್ಬನಿ ಅಜ್ಜಿಯ ಹಣೆಯನ್ನು ಪಕ್ಕಕ್ಕೆ ತಳ್ಳಿ ಮುಖ ತೂರಿಸಿದಳು.

"ಅಮ್ಮಾ! ವಿ ಪ್ರಾಕ್ಟೀಸ್ಡ್ ಟುಡೇ ಆಲ್ಸೋ!"

"ಏನು ಪ್ರಾಕ್ಟೀಸು ಕಂದ?"

"ಸ್ಕೂಲ್! ಥ್ರೀ ಸಿಗ್ನಲ್ಸ್, ದೆನ್ ಚರ್ಚ್, ದೆನ್ ಮೈ ಸ್ಕೂಲ್. ಅಜ್ಜಿ ಪ್ರೆಸಸ್ ದ ಬಟನ್ ಟು ಕ್ರಾಸ್." ತಕ್ಷಣ ಬಾಯಿಗೆ ಕೈ ಅಡ್ಡ ಬಂತು. "ಓ ನೋ. ಅಜ್ಜಿ ಸೆಡ್ ಡೋಂಟ್ ಟೆಲ್ ಅಮ್ಮ."

ಹೇಮಶ್ರೀ ಎತ್ತಿದ ಕಲ್ಲನ್ನು ಮತ್ತೆ ನೆಲಕ್ಕಿಟ್ಟಳು.

"ಈ ಮಗೀಗೆ ಬಾಯಲ್ಲಿ ಒಂದ್ ಮಾತು ನಿಲ್ಲಕ್ಕಿಲ್ಲ," ಎಂದರು ಭದ್ರಮ್ಮ, ತಪ್ಪು ಮಾಡಿ ಸಿಕ್ಕಿಬಿದ್ದವರ ದನಿಯಲ್ಲಿ. "ಶನಿವಾರ ಬತ್ತೀನಿ ಅಂತಿದ್ದೆ. ನಿನ್ನ ಮೊಕ ಬ್ಯಾರೇನೇ ಹೇಳ್ತಿತ್ತು ಕಣವ್ವ. ಮೂರು ದಿನದಿಂದ ಸಂಜೆ ಹೊತ್ತು ಇಬ್ರೂ ನಡ್ಕಂಡು ಹೋಗಿ ಬತ್ತಾ ಇದೀವಿ. ನೀನು ಅದ್ಕೆ ಕೊರಗ್ಬ್ಯಾಡ."

ಮೊದಲು ಹೇಮಶ್ರೀಗೆ ಕೋಪವೇ ಬಂತು. ತನ್ನನ್ನು ಕೇಳದೆ, ತಾನಿಲ್ಲದ ಸೋಮವಾರವನ್ನು ಇವರು ಆಗಲೇ ಸಿದ್ಧಮಾಡಿಬಿಟ್ಟರಲ್ಲ! ಅದರ ಬೆನ್ನಿಗೇ, ಟಪಾಲು ಪೆಟ್ಟಿಗೆಯನ್ನೇ ದಾಟದ ಅತ್ತೆ ಮೂರು ಸಿಗ್ನಲ್ ದಾಟಿದ್ದು ಕಣ್ಣಿಗೆ ಕಟ್ಟಿ ಕೋಪ ಇಳಿಯಿತು. ಹರ್ಷಿತಾ ಪಕ್ಕದಲ್ಲಿ ಕೂತು ಉರುಳಿದ ಕಲ್ಲುಗಳನ್ನು ಒಂದೊಂದಾಗಿ ಹತ್ತಿರ ತಳ್ಳಿದಳು.

"ಇಬ್ಬನಿ, ಶನಿವಾರ ನಾನು ಬರಲ್ಲ," ಎಂದಳು ಹೇಮಶ್ರೀ. "ಯಾವಾಗ ಬರ್ತೀನೋ ನಂಗೂ ಗೊತ್ತಿಲ್ಲ. ಸುಳ್ಳು ಹೇಳ್ದೆ ಕಂದ."

"ಐ ನೋ," ಎಂದು ಇಬ್ಬನಿ ಆಕಳಿಸಿದಳು.

ಮುಂದೆ ಹೋಗಿದ್ದ ಗೈಡು ಮೇಲಿನಿಂದ ಸೀಟಿ ಊದಿದ. ಫೋನು ಹಿಡಿದಿದ್ದ ಸೋನಾಲಿ ಅವನಿಗೆ ಇನ್ನೊಂದು ಕೈಯಲ್ಲಿ ಇರು ಎಂಬಂತೆ ಸನ್ನೆ ಮಾಡಿದಳು. ಎಂಟು ಕಲ್ಲು ನಿಂತಿದ್ದವು, ಇನ್ನೊಂದೇ ಉಳಿದಿತ್ತು.

"ಸರಿ, ಬಾಗಿಲಿಂದ ಹೇಳು. ನಾನೂ ನಿಮ್ ಜೊತೆ ಬರ್ತೀನಿ."

ಇಬ್ಬನಿ ಹೇಳುತ್ತಾ ಹೋದಳು. ಬಾಗಿಲಿಗೆ ಅಜ್ಜಿ ಬೀಗ ಹಾಕುತ್ತಾರೆ, ಎರಡು ಸಲ ಎಳೆದು ನೋಡುತ್ತಾರೆ. ಮೊದಲ ಸಿಗ್ನಲ್ ಸಣ್ಣದು. ಎರಡನೆಯದರ ಹತ್ತಿರ ಒಂದು ಬಿಳಿ ನಾಯಿ ಇದೆ, ಕಚ್ಚುವುದಿಲ್ಲ.

"ಥರ್ಡ್ ಸಿಗ್ನಲ್ ಈಸ್ ವೆರಿ ಬಿಗ್. ಸೋ ಮೆನಿ ಕಾರ್ಸ್." ಇಬ್ಬನಿ ದನಿ ತಗ್ಗಿಸಿದಳು. "ಅಜ್ಜಿ ಗೆಟ್ಸ್ ಸ್ಕೇರ್ಡ್ ದೇರ್. ಸೋ ಐ ಹೋಲ್ಡ್ ಹರ್ ಹ್ಯಾಂಡ್."

"ಗಟ್ಟಿಯಾಗಿ ಹಿಡ್ಕೋ ಕಂದ," ಎಂದ ಹೇಮಶ್ರೀ ಕೊನೆಯ ಕಲ್ಲನ್ನು ಮೇಲಿಟ್ಟು, ಅಳುತ್ತಲೇ ಅದು ಅಲ್ಲಾಡುತ್ತಿಲ್ಲ ತಾನೇ ಎಂದು ಅತ್ತೆಯನ್ನು ಕೇಳಿದಳು.