ಲಸ್ಮಿನಿಗೆ ಕೋಳ ಬೇಡ

ಪಾಯಿರನ್ ಹಲಸಿನ ಕೊರಡಿಗೆ ಎರಡು ತೂತು ಕೊರೆಯುತ್ತಿದ್ದ. ತಲೆ ಕೆಟ್ಟವರ ಕಾಲನ್ನು ಮರದ ಕೋಳಕ್ಕೆ ಸಿಕ್ಕಿಸಿ ಹಿತ್ತಲಲ್ಲಿ ಕೂರಿಸುವುದು ಜಾವಾದ ಆ ಕಡೆಯ ಹಳ್ಳಿಗಳಲ್ಲಿ ಹಿಂದಿನಿಂದ ಬಂದದ್ದು. ಸರ್ಕಾರ ಬೇಡವೆಂದರೂ ಕದ್ದುಮುಚ್ಚಿ ನಡೆಯುತ್ತದೆ. ಈ ಕೋಳ ಅವನ ಹತ್ತೊಂಬತ್ತರ ಮಗಳು ಲಸ್ಮಿನಿಗೆ.

ಮೊನ್ನೆ ಅವಳು, ಅಪ್ಪ ಮರದಿಂದ ಇಳಿಸಿದ ತೆಂಗಿನ ನೀರಾ ಬೆಲ್ಲಕ್ಕೆಂದು ಕುದಿಯುವ ಬಾಣಲೆಗೆ ಕೈ ಹಾಕಲು ಹೋಗಿದ್ದಳು. ಬೆಲ್ಲದೊಳಗಿಂದ ಸತ್ತ ಅಜ್ಜಿ ಕರೆಯುತ್ತಿದ್ದಾಳಂತೆ. ತಾಯಿ ತುಕಿನಾ ಹಿಡಿದೆಳೆಯದಿದ್ದರೆ ಏನಾಗುತ್ತಿತ್ತೋ!

ಆರೋಗ್ಯ ಕೇಂದ್ರದ ಪರವಾಗಿ ಮನೆಮನೆ ಸುತ್ತುವ ನೆರೆಮನೆಯ ವಾರ್ಸಿ ಆ ಹೊತ್ತಿಗೆ ಬಂದಳು.

"ಅಯ್ಯೋ ಅಣ್ಣಾ, ಆಡಿಗೂ ಯಾರೂ ಹಿಂಗೆ ಮಾಡಲ್ಲ!"

"ಬುದ್ಧಿ ಹೇಳೋಕೆ ಬರಬೇಡ ಕಣಮ್ಮ. ನಾನು ಮರದ ಮೇಲಿದ್ದಾಗ ಇವಳು ಒಲೆಗೆ ಬಿದ್ರೆ ನೀನು ಬರ್ತೀಯಾ?"

"ಒಂದು ಮಾತು ಕೇಳ್ತೀನಿ. ಅವಳ ಮೂರ್ಛೆ ರೋಗ ಮಾತ್ರೆಗೆ ನಿಂತಿತ್ತಲ್ಲ, ಮತ್ತೆ ಬಂತಾ?"

ತುಕಿನಾ ಬಾಗಿಲಲ್ಲೇ ನಿಂತು ಹೇಳಿದಳು. "ಬಂತು. ಹೋದ ವಾರ ಒಂದೇ ದಿನ ಮೂರು ಸಲ. ಆಮೇಲೆ ಎರಡು ದಿನ ಚೆನ್ನಾಗೇ ಇದ್ಲು. ಮೂರನೇ ದಿನ ಈ ಅಜ್ಜಿ ಮಾತು ಶುರುವಾಯ್ತು."

"ಮಾತ್ರೆ?"

"ಉಪವಾಸದ ತಿಂಗಳಲ್ವಾ," ಎಂದ ಪಾಯಿರನ್. "ಹಗಲು ನೀರೂ ಮುಟ್ಟೋ ಹಾಗಿಲ್ಲ. ಬೆಳಗಿನ ಮಾತ್ರೆ ಬಿಟ್ಲು. ನಾನೇ ಭೇಷ್ ಅಂದೆ. ದೇವರಿಗೋಸ್ಕರ ಬಿಟ್ಟವಳಿಗೆ ದೆವ್ವ ಹಿಡೀತಲ್ಲ!"

"ದೆವ್ವ ಅಲ್ಲ ಅಣ್ಣಾ, ಮಿದುಳು. ಮೂರ್ಛೆ ಬರೋದೂ ಅಲ್ಲಿಂದ, ಮನಸ್ಸು ನಡೆಯೋದೂ ಅಲ್ಲಿಂದ. ಮೂರ್ಛೆ ಮೇಲಿಂದ ಮೇಲೆ ಬಂದ್ರೆ ಕೆಲವರಿಗೆ ಇಲ್ಲದ ದನಿ ಕೇಳುತ್ತೆ. ಇವಳಿಗೂ ಅದೇನಾ ಅಂತ ಡಾಕ್ಟ್ರು ನೋಡಿ ಹೇಳಲಿ. ಕಾಯಿಲೆಯವರಿಗೆ ಉಪವಾಸದಿಂದ ರಿಯಾಯಿತಿ ಇದೆ ಅಂತ ಮಸೀದಿಯವರೇ ಹೇಳ್ತಾರೆ. ಕೇಳಿದ್ರೆ ಡಾಕ್ಟ್ರೇ ಮಾತ್ರೆ ಹೊತ್ತು ಹೊಂದಿಸಿ ಕೊಡ್ತಿದ್ರು."

"ಡಾಕ್ಟ್ರೂ ಕೈ ಚೆಲ್ಲಿದ್ರೆ?"

"ನಾನೇ ಬಂದು ಅವಳ ಪಕ್ಕ ಕೂತ್ಕೋತೀನಿ. ಈಗ ಏಳು."

ಅವನಿಗೆ ನಂಬಿಕೆ ಬಂದಿರಲಿಲ್ಲ. ಆದರೂ ಎದ್ದು ಮಗಳನ್ನು ಕರೆದುಕೊಂಡು ಹೊರಟ. ಜಿಲ್ಲಾಸ್ಪತ್ರೆಯ ಡಾಕ್ಟರು ವಾರ್ಸಿ ಕೇಳಿದ್ದನ್ನೇ ಕೇಳಿದರು, ಪರೀಕ್ಷೆ ಮಾಡಿದರು. ಮೂರ್ಛೆಯ ಮಾತ್ರೆ ಮತ್ತೆ ಶುರು ಮಾಡಿ, ಮನಸ್ಸು ತಹಬಂದಿಗೆ ಬರಲು ಇನ್ನೊಂದು ಕೊಟ್ಟರು. ಒಂದೇ ದಿನಕ್ಕೆ ಏನೂ ಆಗಲಿಲ್ಲ. ಲಸ್ಮಿನಿ ತೂಕಡಿಸುತ್ತಿದ್ದಳು, ಒಮ್ಮೆ ಅಜ್ಜಿಯನ್ನು ಹುಡುಕಿದಳು. ಎರಡನೆಯ ವಾರಕ್ಕೆ ದನಿ ನಿಂತಿತು.

ಮೂರನೆಯ ವಾರ ಅಪ್ಪ ಮಗಳು ಒಲೆಯಿಂದ ದೂರ ಕುಳಿತು ತೆಂಗಿನ ಚಿಪ್ಪಿನಿಂದ ಬೆಲ್ಲದ ಅಚ್ಚು ಬಿಡಿಸುತ್ತಿದ್ದರು.

"ಅಪ್ಪಾ, ಆವತ್ತು ನಾನು ಮಲಗಿದ್ದಾಗ ದಾರ ಹಿಡಿದು ನನ್ನ ಕಾಲು ಅಳೆದೆಯಲ್ಲ, ನಂಗೆ ಎಚ್ಚರ ಇತ್ತು."

ಪಾಯಿರನ್ ಕೈ ನಿಂತಿತು. "ಮತ್ತೆ ಯಾಕಮ್ಮ ಸುಮ್ಮನಿದ್ದೆ?"

"ಹಬ್ಬಕ್ಕೆ ಹೊಸ ಚಪ್ಪಲಿ ತರ್ತೀಯ ಅಂದ್ಕೊಂಡೆ."

ಅವನು ಮಗಳೆದುರೇ ಬಿಕ್ಕಿ ಬಿಕ್ಕಿ ಅತ್ತ.

ಕೇಳಿದಿರಲ್ಲ, ಅಕ್ಕಂದಿರೇ, ಅಣ್ಣಂದಿರೇ. ಮೂರ್ಛೆ ರೋಗದವರು, ಲಕ್ವ ಹೊಡೆದವರು, ತಲೆಗೆ ಪೆಟ್ಟಾದವರು ಮಂಕಾದರೆ, ಇಲ್ಲದ್ದನ್ನು ಕಂಡರೆ, ಕಟ್ಟಿಹಾಕಬೇಡಿ. ಆಸ್ಪತ್ರೆಗೆ ಕರೆದೊಯ್ಯಿರಿ. ಹಳೆಯ ಕಾಯಿಲೆಯನ್ನೂ ಹೇಳಿ, ಮನಸ್ಸಿನಲ್ಲಾದ ಬದಲಾವಣೆಯನ್ನೂ ಹೇಳಿ. ಉಪವಾಸವಿರಲಿ, ಹರಕೆಯಿರಲಿ, ಡಾಕ್ಟರನ್ನು ಕೇಳದೆ ಮಾತ್ರೆ ಬಿಡಬೇಡಿ. ಮಕ್ಕಳ ಕಾಲು ಅಳೆಯುವುದಿದ್ದರೆ ಚಪ್ಪಲಿಗೇ ಅಳೆಯಿರಿ.