ಹೊಸ ಹಲ್ಲಿನ ಮೊದಲ ಊಟ

ಅಜ್ಜಿಗೆ ಹೊಸ ಹಲ್ಲಿನ ಸೆಟ್ಟು ಕೂರಿಸಿದ ವೈದ್ಯರು, "ಒಂದು ವಾರ ಮೆತ್ತಗಿನದ್ದೇ ತಿನ್ನಿ" ಎಂದು ಒತ್ತಿ ಹೇಳಿ ಕಳಿಸಿದರು. ಅಜ್ಜಿ ತಲೆಯಾಡಿಸಿ, ಮೊಮ್ಮಗಳ ಕೈ ಹಿಡಿದು ಮೆಟ್ಟಿಲಿಳಿದಳು. ಕೆಳಗೇ ಚೈನೀಸ್ ಪಾರ್ಸೆಲ್ ಅಂಗಡಿ. ಎರಡು ತಿಂಗಳು ಬೋಳು ಬಾಯಲ್ಲಿ ಗಂಜಿ ಕುಡಿದು ಅವಳ ನಾಲಿಗೆ ಜಡ್ಡುಗಟ್ಟಿತ್ತು. ಬೆಳ್ಳುಳ್ಳಿ ಹುರಿಯುವ ಘಮ ಮೂಗಿಗೆ ಬಡಿದದ್ದೇ ತಡ, ಕಾಲು ತಾನಾಗಿ ನಿಂತಿತು.

"ನೂಡಲ್ಸ್ ಕಟ್ಟಿಸ್ಕೊಂಡು ಹೋಗೋಣ ಅಜ್ಜಿ, ಮೆತ್ತಗಿರುತ್ತೆ," ಎಂದಳು ಮೊಮ್ಮಗಳು.

"ನೀನು ಕಟ್ಟಿಸ್ಕೊ. ನಂಗೆ ಅದು," ಎಂದು ಅಜ್ಜಿ ಆಗಷ್ಟೇ ಕರಿದಿಟ್ಟ ಸ್ಪ್ರಿಂಗ್ ರೋಲ್ ತೋರಿಸಿದಳು.

ಪಾರ್ಸೆಲ್ ಅಂಗಡಿಯಲ್ಲಿ ಕುರ್ಚಿ ಎಲ್ಲಿಯದು? ಅಡುಗೆಯವನು ತನ್ನ ಸ್ಟೂಲನ್ನೇ ಒರೆಸಿ ಕೊಟ್ಟ. ಅಜ್ಜಿ ಕೂತು, ಊದಿ ಊದಿ ಆರಿಸಿ ಕಚ್ಚಿದಳು. ಕರುಂ ಎಂದಿತು. ಆ ಸದ್ದು ತನ್ನ ಬಾಯಿಂದಲೇ ಬಂತೆಂದು ನಂಬಲಾಗದೆ ಇನ್ನೊಮ್ಮೆ ಕಚ್ಚಿದಳು. ಅಡುಗೆಯವನು ಸೌಟು ಹಿಡಿದೇ ನಕ್ಕ.

ಅಷ್ಟರಲ್ಲಿ ಮಧ್ಯಾಹ್ನದ ಊಟ ಒಯ್ಯಲು ವೈದ್ಯರೇ ಇಳಿದು ಬಂದರು. ಮೊಮ್ಮಗಳು ನಾಲಿಗೆ ಕಚ್ಚಿಕೊಂಡಳು.

"ಅಜ್ಜಿ, ನಾನೇನು ಹೇಳಿದ್ದೆ?"

ಅಜ್ಜಿ ಅವಸರಪಡದೆ ಬಾಯಲ್ಲಿದ್ದುದನ್ನು ನುಂಗಿದಳು. ವೈದ್ಯರಿಗೆ ಅವಳ ಮೊಮ್ಮಗನ ವಯಸ್ಸು.

"ಮನೆಗೆ ಹೋದ್ಮೇಲೆ ಸಡಿಲ ಆದ್ರೆ ಮತ್ತೆ ನಿನ್ನ ಮೆಟ್ಟಿಲು ಹತ್ಬೇಕಲ್ಲಪ್ಪ. ಅದಕ್ಕೆ ಇಲ್ಲೇ ಪರೀಕ್ಷೆ ಮಾಡಿದೆ. ಗಟ್ಟಿಯಾಗೇ ಕೂರಿಸಿದ್ದೀಯ."

ವೈದ್ಯರು ಅವಳ ಬಾಯಿ ತೆರೆಸಿದರು. ಬಾಗಿ ನೋಡಿದರು, ಹಲ್ಲು ಅಲುಗಿರಲಿಲ್ಲ. "ಇವತ್ತಿಗೆ ಇದೊಂದೇ" ಎಂದು ಗದರಿದಂತೆ ಮಾಡಿ, ತಮಗೂ ಎರಡು ರೋಲ್ ಹೇಳಿದರು.

ಅಜ್ಜಿ ಸಾಸಿನ ಬಟ್ಟಲನ್ನು ಅವರತ್ತ ಸರಿಸಿದಳು.