ಒಮ್ಮತಕ್ಕೆ ಬಲಿಯಾದ ರಜೆ

ನಮ್ಮ ಪಕ್ಷದಲ್ಲಿ ಯಾರೂ ಯಾರ ನಿರ್ಣಯವನ್ನೂ ನೇರವಾಗಿ ಸೋಲಿಸುವುದಿಲ್ಲ. ಅದು ಒರಟುತನವಂತೆ. ಯುರೋಪಿನ ಅಷ್ಟೂ ದೇಶಗಳ ಘಟಕಗಳು ಮೇಜಿನ ಸುತ್ತ ಕೂತು, ತಮಗೆ ಒಗ್ಗದ್ದನ್ನು ಒಂದೊಂದಾಗಿ ಕಿತ್ತುಹಾಕಿ, ಉಳಿದದ್ದಕ್ಕೆ ಒಮ್ಮತ ಎಂದು ಹೆಸರಿಡುತ್ತವೆ. ಆಮೇಲೆ ನಿರ್ಣಯ ತಂದವರೇ ವೇದಿಕೆ ಹತ್ತಿ ಅದನ್ನು ಓದಿ ಮತ ಕೇಳಬೇಕು. ಬ್ರಸೆಲ್ಸ್‌ನ ಮಹಾಸಭೆಯಲ್ಲಿ ಮತ ಎಣಿಸುವವನು ನಾನು. ಈ ಶಾಸ್ತ್ರ ನೋಡಿ ನೋಡಿ ವಾಕರಿಕೆ ಬಂದಿದೆ.

ಈ ಸಲ ನಿರ್ಣಯ ತಂದವಳು ನಮ್ಮ ಬಲ್ಗೇರಿಯಾದ ರುಮ್ಯಾನಾ. ಇಲ್ಲೇ ಬೆಲ್ಜಿಯಂನ ಗೆಂಟ್ ಊರಿನ ಮನೆಯೊಂದರಲ್ಲೇ ಉಳಿದು, ಹಾಸಿಗೆ ಹಿಡಿದ ಮುದುಕಿಯ ಆರೈಕೆ ಮಾಡುತ್ತಾಳೆ. ತನ್ನಂತೆ ಹೊರದೇಶದಿಂದ ಬಂದು ಮನೆಗಳಲ್ಲಿ ವಯಸ್ಸಾದವರ ಆರೈಕೆಗೆ ದುಡಿಯುವವರಿಗೆ ವಾರಕ್ಕೊಂದು ದಿನ ಪೂರ್ತಿ ರಜೆ ಕಡ್ಡಾಯವಾಗಲಿ, ಅದು ಪಕ್ಷದ ಪ್ರಣಾಳಿಕೆಯಲ್ಲಿರಲಿ, ಇಷ್ಟೇ ಅವಳ ಬೇಡಿಕೆ. ಅದನ್ನು ನಂಬಿಕೊಂಡೇ ಎಷ್ಟೋ ಹೆಂಗಸರು ಪಕ್ಷ ಸೇರಿದ್ದರು.

"ಕಡ್ಡಾಯ ಅಂತ ಬೇಡಮ್ಮ," ಎಂದ ಜರ್ಮನ್ ಘಟಕದ ಹೆನ್ನಿಂಗ್, ಕಾಫಿ ಕಲಕುತ್ತ. "ನಮಗೆ ವೋಟ್ ಹಾಕೋರೆಲ್ಲ ವಯಸ್ಸಾದೋರು. ಹೆದರ್ಕೋತಾರೆ."

ಪೂರ್ತಿ ದಿನ ಜಾಸ್ತಿಯಾಯಿತೆಂದು ಇಟಲಿಯವರು ತೆಗೆಸಿದರು. ವಾರವೋ ತಿಂಗಳೋ ಆಯಾ ದೇಶವೇ ನೋಡಿಕೊಳ್ಳಲಿ ಎಂದರು ಆಸ್ಟ್ರಿಯಾದವರು. ನಮ್ಮದೇ ಬಲ್ಗೇರಿಯಾ ಘಟಕದ ಮುಖ್ಯಸ್ಥ ಎಲ್ಲಕ್ಕೂ ತಲೆಯಾಡಿಸಿದ. ಅಭ್ಯರ್ಥಿಗಳ ಪಟ್ಟಿಯಲ್ಲಿ ಅವನ ಹೆಸರು ಮೇಲೇರಬೇಕಾದರೆ ಹೆನ್ನಿಂಗನ ಬೆಂಬಲ ಬೇಕು. ಥೂ, ಅವನ ಮುಖ ನೋಡಲಾಗಲಿಲ್ಲ ನನಗೆ.

ಅಧ್ಯಕ್ಷ ವೌಟರ್ ರುಮ್ಯಾನಾಳ ಭುಜ ತಟ್ಟಿದ. "ನಮ್ಮಮ್ಮನ್ನ ನೋಡ್ಕೊಳ್ಳೋಳೂ ನಿಮ್ಮ ಕಡೆಯವಳೇ. ಮನೆ ಮಗಳ ಥರ ಇದಾಳೆ. ರಜ ಕೊಟ್ರೂ ತಗೊಳ್ಳಲ್ಲ, ಗೊತ್ತಾ?"

"ಕೊಟ್ಟು ನೋಡಿದೀರಾ?"

ಅವನು ನಕ್ಕು, ಬಿಸ್ಕತ್ತಿನ ತಟ್ಟೆಯನ್ನು ಅವಳತ್ತ ಸರಿಸಿದ.

ಕೊನೆಗೆ ಉಳಿದದ್ದು ಇಷ್ಟು: 'ಆರೈಕೆದಾರರ ವಿಶ್ರಾಂತಿ ಕುರಿತ ಸಂವಾದವನ್ನು ಪಕ್ಷ ಸ್ವಾಗತಿಸುತ್ತದೆ.' ರುಮ್ಯಾನಾ ವೇದಿಕೆ ಹತ್ತಿ ಒಂದಕ್ಷರ ಬಿಡದೆ ಓದಿದಳು. ಸಭಾಂಗಣದ ತುಂಬ ಹಸಿರು ಕಾರ್ಡುಗಳು ಎದ್ದವು. ಕೆಂಪು ಎದ್ದದ್ದು ಒಂದೇ, ಅವಳ ಕೈಯಲ್ಲಿ.

"ಕಾರ್ಡ್ ತಪ್ಪಾಯ್ತು ನೋಡಿ," ಎಂದ ವೌಟರ್.

"ತಪ್ಪಾಗಿಲ್ಲ. ನಾನು ಕೇಳಿದ್ದು ಇದನ್ನಲ್ಲ."

ವೌಟರ್ ನನ್ನ ಕಿವಿಯ ಹತ್ತಿರ ಬಗ್ಗಿದ. "ಸರ್ವಾನುಮತ ಅಂದ್ಬಿಡಪ್ಪ, ಸಾಕು."

ನಾನು ಮೈಕಿನಲ್ಲಿ, "ವಿರುದ್ಧ ಒಂದು," ಎಂದೆ.

ಅವನು ಒಂದು ಕ್ಷಣವೂ ತಡವರಿಸಲಿಲ್ಲ. "ನೋಡಿ, ಭಿನ್ನಮತಕ್ಕೂ ಜಾಗ ಕೊಡೋ ಪಕ್ಷ ನಮ್ಮದು!" ಎಂದ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೆನ್ನಿಂಗನಂತೂ ಕಣ್ಣೊರೆಸಿಕೊಂಡ. ಅಲ್ಲೇ ಉಗಿಯಬೇಕೆನಿಸಿತು.

ಹೊರಗೆ ರುಮ್ಯಾನಾ ಕೋಟು ಹಾಕಿಕೊಳ್ಳುತ್ತಿದ್ದಳು. ಫೋನು ಬಿಡದೆ ಮಿಣುಕುತ್ತಿತ್ತು.

"ಹೆಂಗಸ್ರೆಲ್ಲ ಕೇಳ್ತಿದಾರೆ, ಏನಾಯ್ತು ಅಂತ. ಏನ್ ಹೇಳ್ಲೋ?"

"ಸ್ವಲ್ಪ ಕೂತ್ಕೋ ಅಕ್ಕ. ಇವತ್ತು ನಿಂಗೆ ರಜ ತಾನೆ?"

"ರಜ ಎಲ್ಲೋ? ಇವತ್ತೊಂದಿನ ಬಿಡ್ಲಿ ಅಂತ, ನಂಗಿರೋ ಒಂದೇ ಬಿಡುವು ಭಾನುವಾರ ಮಧ್ಯಾಹ್ನಾನೂ ಇನ್ನೆರಡು ತಿಂಗಳು ಕೆಲ್ಸ ಮಾಡ್ತೀನಿ ಅಂತ ಒಪ್ಕೊಂಡು ಬಂದಿದೀನಿ," ಎಂದು ಅವಳು ಸ್ಟೇಷನ್ನಿನ ಕಡೆ ಹೊರಟಳು.